ಬೈಕ್ ಕನ್ನಡಿಗೆ ಕುಕ್ಕೋ ಈ ಕರಿ ಹಕ್ಕಿ ಯಾವುದ್ರೀ?

ಕೊಪ್ಪಳದಾಕಿ:
ನಮ್ಮನಿ ಹಿತ್ತಲದಾಗ ಒಂದು ವಾರದಿಂದ ಹಕ್ಕಿ ಒಂದು ಬರಾಕತ್ತೈತ್ರಿ, ಗುಬ್ಬಿಗಿಂತ ಚೂರು ದೊಡ್ಡದು, ಮೈಯೆಲ್ಲಾ ಕರ್ರಗ, ಬಾಲ ಯಾವಾಗ್ಲೂ ಮ್ಯಾಲೆತ್ತಿಕೊಂಡೇ ಇರತೈತಿ, ನಸುಕಿನ್ಯಾಗ ಕಂಪೌಂಡ್ ಮ್ಯಾಲ ಕುಂತು ಛಲೋ ಹಾಡತೈತಿ, ಆಮ್ಯಾಲ ನಮ್ಮನಿಯವ್ರ ಬೈಕಿನ ಕನ್ನಡಿಗೆ ಕುಕ್ಕಿ ಕುಕ್ಕಿ ಅದರ ತುಂಬ ಹಿಕ್ಕಿ ಹಾಕಿ ಹೋಗತೈತಿ 😀 ಮಡಿವಾಳ ಹಕ್ಕಿ ಅಂದ್ಕೊಂಡಿದ್ದೆ, ಆದ್ರ ಹೊಟ್ಟಿ ಬೆಳ್ಳಗಿಲ್ಲ. ಜ್ವಾಳದ ನುಚ್ಚು ಹಾಕಿದ್ರ ತಿರುಗಿ ಸುದ್ದಾ ನೋಡೂದಿಲ್ಲ, ಪಾರಿವಾಳಕ್ಕ ಹಬ್ಬ. ಮಗ ಬ್ಯಾರೆ ಪಂಜರ ತಾ ಅಂತ ಗಂಟುಬಿದ್ದಾನ. ದಿನಾ ಬರಂಗ ಏನ್ ಮಾಡ್ಬೇಕು?

ರಾಯಚೂರು ಬಿಸಿಲು:
ಬಾಲದ ಬುಡಕ್ಕ, ಕೆಳಗ, ಇಟ್ಟಂಗಿ ಬಣ್ಣ ಅದ ಏನು ನೋಡ್ರಿ. ಇದ್ರ ಇಂಡಿಯನ್ ರಾಬಿನ್ ಗಂಡು. ಹಾರುವಾಗ ರೆಕ್ಕಿ ಮ್ಯಾಲ ಬಿಳಿ ಮಚ್ಚಿ ಮಿಂಚತದ. ಹೆಣ್ಣು ಕಂದು ಬಣ್ಣ, ಅದಕ್ಕೂ ಬಾಲದ ಕೆಳಗ ಅದೇ ಕೆಂಪು. ಗೂಗಲ್‌ನ್ಯಾಗ ಬರೀ ರಾಬಿನ್ ಅಂತ ಹುಡುಕಬ್ಯಾಡ್ರಿ, ಎದಿ ಕೇಸರಿ ಇರೋ ಯುರೋಪಿನ ಹಕ್ಕಿ ಬರತದ, ಅದು ಬ್ಯಾರೆ. ಕನ್ನಡ್ಯಾಗ ಕಾಣೋದು ಇನ್ನೊಂದು ಗಂಡು ಅಂತ ತಿಳಕೊಂಡು ಜಗಳಕ್ಕ ನಿಂತದ ಅಷ್ಟ, ಗೂಡು ಕಟ್ಟೋ ಟೈಮಿನ್ಯಾಗ ಇದು ಜಾಸ್ತಿ. ಹಳೇ ಸಾಕ್ಸ್ ತೊಡಸ್ರಿ ಕನ್ನಡಿಗೆ. ಪಂಜರದ ಮಾತು ಬಿಡ್ರಿ, ಕಾಡುಹಕ್ಕಿ ಹಿಡಿದು ಸಾಕೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಬಳ್ಳಾರಿ ಜಾಲಿ:
ಸೊಂಟದ ಹತ್ರ ಬೆಳ್ಳಗಿದ್ರೆ ಮಾತ್ರ ಪೈಡ್ ಬುಶ್‌ಚಾಟ್ ಇರಬೋದು, ಆದ್ರೆ ಬಾಲ ಎತ್ತೋದು ಕೇಳಿದ್ರೆ ರಾಬಿನ್ನೇ ಅನಿಸ್ತೈತೆ. ಡೌಟಿದ್ರೆ ಮರ್ಲಿನ್ ಆ್ಯಪ್ ಫ್ರೀ ಐತೆ, ಹಾಡು ರೆಕಾರ್ಡ್ ಮಾಡಿದ್ರೆ ಹೆಸರು ತೋರಿಸ್ತದೆ. ಕಾಳು ಹಾಕೋದು ವೇಸ್ಟ್ ಅಕ್ಕ, ಅದು ನೆಲದ ಮೇಲೆ ಓಡಾಡಿ ಹುಳ, ಇರುವೆ ಹಿಡಿಯೋ ಹಕ್ಕಿ. ಬೇವಿನ ಗಿಡದ ಕೆಳಗಿನ ತರಗು ಪೂರಾ ಗುಡಿಸಬೇಡಿ, ಒಂದು ಮೂಲೆ ಹಂಗೇ ಬಿಡಿ, ಗಿಡಕ್ಕೆ ಹುಳದ ಔಷಧಿ ಹೊಡಿಬೇಡಿ, ನಮ್ಮ ಕಡೆ ಬಿಸಿಲಿಗೆ ಎಲ್ಲಕ್ಕಿಂತ ಮುಖ್ಯ ನೀರು, ಅಗಲ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳ ಸಾಕು, ನೆರಳಲ್ಲಿಟ್ಟು ದಿನಾ ಬದಲಾಯಿಸಿ. ಬೆಕ್ಕು ಅಡಗೋ ಪೊದೆ ಪಕ್ಕ ಮಾತ್ರ ಇಡಬೇಡಿ. ಕಂಪೌಂಡಿನ ಕಲ್ಲುಸಂದಿ ಇದ್ರೆ ಸಿಮೆಂಟ್ ಮೆತ್ತಬೇಡಿ, ಅಂಥ ತೂತಲ್ಲೇ ಗೂಡು ಮಾಡ್ತದೆ, ಒಳಗೆ ಕೂದಲು ಹಾಸಿರ್ತದೆ, ಒಮ್ಮೊಮ್ಮೆ ಹಾವಿನ ಪೊರೆ ಸೈತ.

ಕೊಪ್ಪಳದಾಕಿ:
ಹಾವಿನ ಪೊರಿ ಅಂದ್ರ ನಮ್ಮತ್ತಿ ಹಿತ್ತಲಕ್ಕ ಕಾಲಿಡೂದಿಲ್ಲ, ಅದನ್ನ ಹೇಳಂಗಿಲ್ಲ ನಾನು 😀 ಇಟ್ಟಂಗಿ ಬಣ್ಣ ಖರೇ ಐತ್ರಿ, ಇವತ್ತ ನೋಡಿದೆ. ನೀರೂ ಇಟ್ಟೀನಿ, ಮೊದ್ಲು ಬಂದಿದ್ದು ಕಾಗಿ. ಕನ್ನಡಿಗೆ ಸಾಕ್ಸ್ ಹಾಕಿದ್ದಕ್ಕ ಈಗ ಬಾಜೂ ಮನಿ ಕಾರಿನ ಕನ್ನಡಿಗೆ ಹೋಗೈತಿ, ಅವ್ರಿಗೆ ಹೇಳಬೇಕೋ ಬ್ಯಾಡೋ ತಿಳಿವಲ್ದು.