ಹೊಟ್ಟೆ ತುಂಬ ಉಂಡರೂ ಮೈಗೆ ಹತ್ತುತ್ತಿಲ್ಲವೇಕೆ? ಮಗಳ ರಕ್ತಹೀನತೆಯ ಬಗ್ಗೆ ತಾಯಿಯ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ (ಬೀಳಗಿ ತಾಲ್ಲೂಕಿನ ಒಬ್ಬ ತಾಯಿಯಿಂದ):

ಡಾಕ್ಟರ್ ಮೇಡಂ ಅವರಿಗೆ ಶರಣು. ನನ್ನ ಮಗಳಿಗೆ 15 ವರ್ಷ, ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.2 ಇದೆ ಎಂದು ಬರೆದುಕೊಟ್ಟರು. ಆಕೆ ಊಟಕ್ಕೆ ಹಟ ಮಾಡುವವಳಲ್ಲ. ದಿನಾಲು ನಾಲ್ಕು ಜೋಳದ ರೊಟ್ಟಿ, ಮಡಕಿಕಾಳು ಅಥವಾ ಬೇಳೆ, ಪುಂಡಿಪಲ್ಯವೋ ಮೆಂತ್ಯಪಲ್ಯವೋ, ಶೇಂಗಾ ಚಟ್ನಿ ಎಲ್ಲವನ್ನೂ ಉಣ್ಣುತ್ತಾಳೆ. ಮಾಂಸ, ಮೊಟ್ಟೆ ನಮ್ಮ ಮನೆಯಲ್ಲಿ ಇಲ್ಲ. ಊಟವಾದ ಕೂಡಲೇ ಅಪ್ಪನ ಜೊತೆ ಆಕೆಗೂ ಒಂದು ಕಪ್ ಚಹಾ ಬೇಕು. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ ಎಂದು ಅದನ್ನು ನುಂಗುವುದನ್ನೇ ಬಿಟ್ಟಿದ್ದಾಳೆ. ಇಷ್ಟು ಉಂಡರೂ ಮೈಗೆ ಏಕೆ ಹತ್ತುತ್ತಿಲ್ಲ? ಜೀರ್ಣಶಕ್ತಿ ಕಡಿಮೆಯಾಗಿದೆಯೇ? ಟಾನಿಕ್ ಕೊಡಬೇಕೇ?

ಉತ್ತರ:

ಶರಣು ತಾಯಿ. ನೀವು ಮಗಳ ತಾಟನ್ನು ಇಷ್ಟು ವಿವರವಾಗಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಯಿತು. ಆಕೆಯ ಜೀರ್ಣಶಕ್ತಿಯಲ್ಲಿ ದೋಷವಿದೆ ಎನ್ನಲು ನಿಮ್ಮ ಬರಹದಲ್ಲಿ ಯಾವ ಕಾರಣವೂ ನನಗೆ ಕಾಣಲಿಲ್ಲ, ಆದ್ದರಿಂದ ಜೀರ್ಣಶಕ್ತಿಯ ಟಾನಿಕ್ಕಿಗೆ ದುಡ್ಡು ಹಾಕಬೇಡಿ. ಆದರೆ ಹಿಮೋಗ್ಲೋಬಿನ್ 9.2 ಎಂಬುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಈ ವಯಸ್ಸಿನ ಹುಡುಗಿಯರಲ್ಲಿ ಅದು 12 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರಬೇಕು. 8ರಿಂದ 11ರ ನಡುವಿನದನ್ನು ನಾವು ಮಧ್ಯಮ ಪ್ರಮಾಣದ ರಕ್ತಹೀನತೆ ಎಂದು ಪರಿಗಣಿಸಿ ಚಿಕಿತ್ಸೆ ಕೊಡುತ್ತೇವೆ.

ಅನ್ನ ಅರಗುವುದು ಬೇರೆ, ಅದರಲ್ಲಿರುವ ಒಂದೊಂದು ಪೋಷಕಾಂಶ ರಕ್ತಕ್ಕೆ ಸೇರುವುದು ಬೇರೆ. ರೊಟ್ಟಿಯಲ್ಲಿರುವ ಪಿಷ್ಟದ ವಿಷಯದಲ್ಲಿ ಈ ಎರಡೂ ಕೆಲಸಗಳು ಹೆಚ್ಚುಕಡಿಮೆ ಒಟ್ಟಿಗೇ ನಡೆದುಹೋಗುತ್ತವೆ. ಪಲ್ಯ ಹಚ್ಚದ ರೊಟ್ಟಿಯ ಒಂದು ತುತ್ತನ್ನು ನುಂಗದೆ ಒಂದೆರಡು ನಿಮಿಷ ಅಗಿಯುತ್ತಲೇ ಇದ್ದರೆ ಬಾಯಲ್ಲಿ ಸಣ್ಣಗೆ ಸಿಹಿ ಬರುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಅಲ್ಲಿಯೇ ಸಕ್ಕರೆಯಾಗಿ ಒಡೆಯಲು ಶುರುಮಾಡಿರುತ್ತದೆ. ಜಠರದ ಆಮ್ಲದಲ್ಲಿ ಆ ಕಿಣ್ವದ ಕೆಲಸ ನಿಲ್ಲುತ್ತದೆ, ಮುಂದೆ ಸಣ್ಣ ಕರುಳಿನಲ್ಲಿ ಮೇದೋಜ್ಜೀರಕ ಗ್ರಂಥಿಯ ರಸ ಸೇರಿದ ಮೇಲೆ ಉಳಿದ ಪಿಷ್ಟವೂ ಒಡೆದು ಗ್ಲುಕೋಸ್ ಆಗಿ ರಕ್ತಕ್ಕೆ ಹೋಗುತ್ತದೆ. ಆದ್ದರಿಂದಲೇ ನಿಮ್ಮ ಮಗಳಿಗೆ ಓಡಾಡುವ, ಓದುವ ಶಕ್ತಿಗೆ ಬೇಕಾದ ಇಂಧನ ಸಿಗುತ್ತಿದೆ, ತೂಕವೂ ಬಹುಶಃ ಸರಿಯಾಗಿಯೇ ಇರಬಹುದು. ಕಬ್ಬಿಣದ ಕಥೆ ಮಾತ್ರ ಹೀಗಿಲ್ಲ.

ಜೋಳದಲ್ಲಿ 100 ಗ್ರಾಂಗೆ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದು ಹಿಡಿದರೆ ನಾಲ್ಕು ರೊಟ್ಟಿಗಳಿಂದ 8 ಮಿಲಿಗ್ರಾಂ ಆಯಿತು. ಕಾಳು, ಬೇಳೆ, ಸೊಪ್ಪು, ಶೇಂಗಾ ಸೇರಿ ದಿನಕ್ಕೆ ಸುಮಾರು 15 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ ಎನ್ನೋಣ. ಶಾಕಾಹಾರದ ಊಟದಲ್ಲಿ ಈ ಕಬ್ಬಿಣದ ಶೇ. 5ರಿಂದ 8ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ, ಅಂದರೆ ಹೆಚ್ಚೆಂದರೆ 1 ಮಿಲಿಗ್ರಾಂ ಚಿಲ್ಲರೆ. ಬೆಳೆಯುವ ಮೈ, ಅದರ ಮೇಲೆ ತಿಂಗಳ ಮುಟ್ಟು. ಇವೆರಡನ್ನೂ ಲೆಕ್ಕ ಹಿಡಿದರೆ ಆಕೆಗೆ ದಿನಕ್ಕೆ 2 ಮಿಲಿಗ್ರಾಂಗಿಂತ ತುಸು ಹೆಚ್ಚು ಬೇಕು. ದಿನದಿನದ ಈ ಕೊರತೆಯನ್ನು ದೇಹವು ಯಕೃತ್ತು ಮತ್ತು ಮೂಳೆಯ ಮಜ್ಜೆಯಲ್ಲಿ ಕೂಡಿಟ್ಟ ಕಬ್ಬಿಣದಿಂದ ತುಂಬಿಕೊಳ್ಳುತ್ತಾ ಬರುತ್ತದೆ, ಆ ದಾಸ್ತಾನು ಖಾಲಿಯಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯತೊಡಗುತ್ತದೆ. ಹಾಗಾಗಿ 9.2 ಎಂಬ ಅಂಕಿ ಕಳೆದ ತಿಂಗಳ ಊಟದ ಫಲವಲ್ಲ, ಅದರ ಹಿಂದೆ ಬಹಳ ದಿನಗಳ ಕೊರತೆ ಇದೆ.

ಇಷ್ಟು ಕಡಿಮೆ ಕಬ್ಬಿಣ ಒಳಗೆ ಹೋಗುವುದೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮನೆಯಲ್ಲಿ ನೀವು ಮಾಡಬೇಕಾದದ್ದೆಲ್ಲ ಅದರಲ್ಲಿಯೇ ಇದೆ. ನಮ್ಮ ಸಣ್ಣ ಕರುಳು ಸುಮಾರು 6 ಮೀಟರ್ ಉದ್ದವಿದ್ದರೂ ಕಬ್ಬಿಣವನ್ನು ಹೀರಿಕೊಳ್ಳುವುದು ಮುಖ್ಯವಾಗಿ ಅದರ ಮೊದಲ ಭಾಗ, ಜಠರದಿಂದ ಹೊರಬಿದ್ದೊಡನೆ ಸಿಗುವ ಸುಮಾರು 25 ಸೆಂಟಿಮೀಟರ್ ಉದ್ದದ ಡುವೊಡಿನಮ್ ಮತ್ತು ಅದಕ್ಕೆ ಹತ್ತಿದ ಭಾಗ. ಕರುಳಿನ ಒಳಮೈ ಕಂಬಳಿಯ ಜುಂಗಿನ ಹಾಗೆ ಒಂದು ಮಿಲಿಮೀಟರಿಗೂ ಮೀರದ ಎಳೆಗಳಿಂದ ತುಂಬಿರುತ್ತದೆ. ಈ ಎಳೆಗಳೂ ಅವುಗಳ ಮೇಲಿನ ಇನ್ನೂ ಸೂಕ್ಷ್ಮವಾದ ಎಳೆಗಳೂ ಸೇರಿ ಕರುಳಿನ ಹೀರುವ ಮೈಯನ್ನು ಸುಮಾರು 30 ಚದರ ಮೀಟರಿನಷ್ಟು ಹಿಗ್ಗಿಸಿವೆ. ಸಸ್ಯಾಹಾರದಲ್ಲಿರುವ ಕಬ್ಬಿಣ ಬಹುಪಾಲು ಫೆರಿಕ್ ರೂಪದಲ್ಲಿರುತ್ತದೆ. ಜಠರದ ಆಮ್ಲವು ಅದನ್ನು ಕರಗಿಸಬೇಕು, ಕರಗಿದ್ದು ಫೆರಸ್ ರೂಪಕ್ಕೆ ಬದಲಾಗಬೇಕು, ಆಗ ಮಾತ್ರ ಕರುಳಿನ ಕೋಶದ ಬಾಗಿಲು ಅದಕ್ಕೆ ತೆರೆಯುತ್ತದೆ. ಈ ದಾರಿಯಲ್ಲಿ ಜೋಳ ಮತ್ತು ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡರೆ ಅದು ಕರಗುವುದೇ ಇಲ್ಲ, ಕರುಳಿನ ಆ ಗೇಣಗಲದ ಭಾಗವನ್ನು ದಾಟಿ ಮುಂದೆ ಸಾಗಿ ಕೊನೆಗೆ ಮಲದಲ್ಲಿ ಹೊರಗೆ ಹೋಗುತ್ತದೆ.

ಚಹಾದ ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳದ್ದೂ ಇದೇ ಕೆಲಸ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕುಡಿದ ಒಂದು ಕಪ್ ಚಹಾ ಆ ಊಟದಿಂದ ಸಿಗಬೇಕಾದ ಕಬ್ಬಿಣವನ್ನು ಅರ್ಧಕ್ಕಿಂತಲೂ ಹೆಚ್ಚಾಗಿ ತಗ್ಗಿಸಬಲ್ಲದು. ನಿಮ್ಮ ಮಗಳ ವಿಷಯದಲ್ಲಿ ನಾನು ಮೊದಲು ಬೆರಳು ಮಾಡುವುದು ಇದರ ಕಡೆಗೇ. ಚಹಾ ಬಿಡಿಸಲೇಬೇಕೆಂದಿಲ್ಲ. ಊಟವಾಗಿ ಎರಡು ತಾಸು ಕಳೆಯಲಿ, ಆಮೇಲೆ ಕುಡಿಯಲಿ. ಅಪ್ಪನೂ ಆಕೆಯ ಸಲುವಾಗಿ ಹಾಗೆಯೇ ಮಾಡಿದರೆ ಮಗಳಿಗೆ ಸುಲಭವಾಗುತ್ತದೆ.

ಇನ್ನು ಕಬ್ಬಿಣಕ್ಕೆ ನೆರವಾಗುವುದು ಸಿ ಜೀವಸತ್ವ. ಅದು ಕಬ್ಬಿಣವನ್ನು ಫೆರಸ್ ರೂಪಕ್ಕೆ ತಿರುಗಿಸುತ್ತದೆ, ಫೈಟೇಟಿನ ಹಿಡಿತದಿಂದಲೂ ಬಿಡಿಸುತ್ತದೆ. ಆದರೆ ಒಲೆಯ ಶಾಖಕ್ಕೆ ಅದು ನಾಶವಾಗುವುದರಿಂದ ಕುದಿಯುವ ಸಾರಿಗೆ ನಿಂಬೆ ಹಿಂಡಿದರೆ ಪ್ರಯೋಜನ ಕಡಿಮೆ, ತಾಟಿಗೆ ಬಡಿಸಿದ ಮೇಲೆ ಕಾಳುಪಲ್ಯದ ಮೇಲೆ ಹಿಂಡಬೇಕು. ಇಂಡಿ ತಾಲ್ಲೂಕಿನ ನಿಂಬೆ ನಮ್ಮ ಸಂತೆಗಳಲ್ಲಿ ವರ್ಷವಿಡೀ ಸಿಗುವಾಗ ಇದು ಯಾರಿಗೂ ಭಾರವಾಗದು. ಪೇರಲ ಹಣ್ಣಿನಲ್ಲಿ ನಿಂಬೆಗಿಂತ ಹಲವು ಪಟ್ಟು ಹೆಚ್ಚು ಸಿ ಜೀವಸತ್ವವಿದೆ, ಸುಗ್ಗಿಯಲ್ಲಿ ಊಟದ ಜೊತೆಗೇ ಅರ್ಧ ಹಣ್ಣು ತಿನ್ನಲಿ. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ಕಡಿದು ತಿನ್ನುವ ನಮ್ಮ ಕಡೆಯ ರೂಢಿ ಈ ದೃಷ್ಟಿಯಿಂದ ಬಹಳ ಒಳ್ಳೆಯದು. ಹೊಲದಿಂದ ದೂರವಾದ ಮನೆಗಳಲ್ಲಿ ಅದು ಕಡಿಮೆಯಾಗುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಮಡಕಿಕಾಳನ್ನು ಬರೀ ಬೇಯಿಸುವ ಬದಲು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಮೊಳಕೆಯೊಡೆಯುವಾಗ ಕಾಳಿನೊಳಗಿನ ಕಿಣ್ವವೇ ಫೈಟೇಟನ್ನು ಒಡೆಯತೊಡಗುತ್ತದೆ, ಒಣ ಕಾಳಿನಲ್ಲಿ ಇಲ್ಲದ ಸಿ ಜೀವಸತ್ವವೂ ಹುಟ್ಟುತ್ತದೆ.

ಇಷ್ಟೆಲ್ಲ ಮಾಡಿದರೂ 9.2 ಇರುವವಳಿಗೆ ಊಟವೊಂದೇ ಸಾಲದು, ಮಾತ್ರೆ ಬೇಕೇ ಬೇಕು. ಶಾಲೆಯ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ವಾರಕ್ಕೊಂದು ಕೊಡುವ ಆ ಮಾತ್ರೆ ರಕ್ತಹೀನತೆ ಬಾರದಂತೆ ತಡೆಯುವುದಕ್ಕೆ, ಬಂದದ್ದನ್ನು ವಾಸಿ ಮಾಡುವ ಪ್ರಮಾಣ ಬೇರೆ. ಅದನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಆಕೆಯನ್ನು ನೋಡಿ ಬರೆದುಕೊಡಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೆಚ್ಚು ಹೀರಿಕೊಳ್ಳುತ್ತದೆ ನಿಜ, ಆದರೆ ತೊಳಸು ಬಂದು ಮಾತ್ರೆಯನ್ನೇ ಬಿಡುವುದಕ್ಕಿಂತ ಊಟವಾದ ಮೇಲೆ ನಿಂಬೆ ಪಾನಕದ ಜೊತೆ ನುಂಗುವುದು ಲೇಸು. ಹಾಲು, ಚಹಾ, ಕ್ಯಾಲ್ಸಿಯಂ ಮಾತ್ರೆ ಇವುಗಳ ಜೊತೆ ಬೇಡ. ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಬಾರದು.

ಕೊನೆಯದಾಗಿ ಎರಡು ವಿಷಯಗಳನ್ನು ವೈದ್ಯರಿಗೆ ತಿಳಿಸಿ: ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆಯೇ ಎಂಬುದನ್ನು, ಮತ್ತು ಆಕೆ ಬರಿಗಾಲಲ್ಲಿ ಹೊಲಕ್ಕೆ ಹೋಗುತ್ತಾಳೆಯೇ ಎಂಬುದನ್ನು. ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ದೇಹ ಸೇರಿ ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹುಳುವನ್ನು ಕೊಲ್ಲುವ ಒಂದು ಅಲ್ಬೆಂಡಜೋಲ್ ಮಾತ್ರೆಯ ಕೆಲಸವದು, ಆದರೆ ಯಾರೂ ಕೇಳದಿದ್ದರೆ ತಪ್ಪಿಹೋಗುತ್ತದೆ.

ಅದೇ ತಾಯಿಯಿಂದ:

ಧನ್ಯವಾದಗಳು ಮೇಡಂ. ಚಹಾ ಇಂದಿನಿಂದಲೇ ಸಂಜೆಗೆ ಹೋಯಿತು. ಪರೀಕ್ಷೆ ಹತ್ತಿರ ಬಂದಿದೆ, ಬೇಗ ಏರಲಿ ಎಂದು ದಿನಕ್ಕೆ ಎರಡು ಮೂರು ಮಾತ್ರೆ ಕೊಡಬಹುದೇ? ನಮ್ಮ ಅತ್ತೆಯವರು ಕಬ್ಬಿಣದ ಹಂಚಿನಲ್ಲಿ ರೊಟ್ಟಿ ಮಾಡು ಎನ್ನುತ್ತಾರೆ, ಅದು ಸರಿಯೇ?

ಉತ್ತರ:

ಬರೆದುಕೊಟ್ಟದ್ದಕ್ಕಿಂತ ಒಂದು ಮಾತ್ರೆಯನ್ನೂ ಹೆಚ್ಚಿಗೆ ಕೊಡಬೇಡಿ. ಮೈಯೊಳಗೆ ಸೇರಿದ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ದಾರಿ ದೇಹದಲ್ಲಿ ಇಲ್ಲವಾದ್ದರಿಂದ ಎಷ್ಟು ಬೇಕೋ ಅಷ್ಟನ್ನೇ ಒಳಗೆ ಬಿಡುವ ಕಾವಲು ಕರುಳಿನಲ್ಲಿಯೇ ಇದೆ. ದೊಡ್ಡ ಪ್ರಮಾಣದ ಕಬ್ಬಿಣ ಒಮ್ಮೆ ಒಳಗೆ ಹೋದರೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಅದು ಸುಮಾರು ಒಂದು ದಿನ ಕರುಳಿನ ಕೋಶಗಳಿಂದ ಕಬ್ಬಿಣ ರಕ್ತಕ್ಕೆ ಇಳಿಯುವುದನ್ನು ತಡೆಯುತ್ತದೆ. ಆ ಕೋಶಗಳ ಆಯುಷ್ಯವೇ ಮೂರರಿಂದ ಐದು ದಿನ; ಅವು ಉದುರುವಾಗ ಒಳಗೆ ಸಿಕ್ಕಿಕೊಂಡ ಕಬ್ಬಿಣವೂ ಅವುಗಳ ಜೊತೆ ಹೊರಗೆ ಹೋಗುತ್ತದೆ. ಎರಡನೆಯ, ಮೂರನೆಯ ಮಾತ್ರೆಯಿಂದ ತೊಳಸು ಮತ್ತು ಮಲಬದ್ಧತೆ ಹೆಚ್ಚುತ್ತವೆಯೇ ಹೊರತು ರಕ್ತ ಅಷ್ಟು ಬೇಗ ಏರದು. ಚಿಕಿತ್ಸೆ ಸರಿಯಾಗಿ ನಡೆದರೆ ಒಂದು ತಿಂಗಳಲ್ಲಿ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಮತ್ತೆ ವೈದ್ಯರ ಬಳಿ ಹೋಗಿ, ಆಗ ಬೇರೆ ಕಾರಣಗಳನ್ನು ಹುಡುಕಬೇಕಾಗುತ್ತದೆ. 12 ಮುಟ್ಟಿತೆಂದು ಮಾತ್ರೆ ನಿಲ್ಲಿಸಬೇಡಿ, ಖಾಲಿಯಾದ ದಾಸ್ತಾನು ತುಂಬಲು ಇನ್ನೂ ಕೆಲವು ತಿಂಗಳು ಬೇಕು.

ಅತ್ತೆಯವರ ಮಾತಿನಲ್ಲಿ ಸತ್ಯವಿದೆ. ರೊಟ್ಟಿ ಹಂಚಿನ ಮೇಲೆ ಒಣಗಿದಂತೆ ಬೇಯುವುದರಿಂದ ಅದಕ್ಕೆ ಹತ್ತುವ ಕಬ್ಬಿಣ ಅಲ್ಪ, ಆದರೆ ಹುಳಿಯಿರುವ ಪುಂಡಿಪಲ್ಯವನ್ನು, ಟೊಮೆಟೊ ಹಾಕಿದ ಸಾರನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಒಳ್ಳೆಯ ಪ್ರಮಾಣದಲ್ಲಿ ಇಳಿಯುತ್ತದೆ.

ಪ್ರಶ್ನೆ (ಬಾಗಲಕೋಟೆ ನವನಗರದ ನಿವೃತ್ತ ಶಿಕ್ಷಕರೊಬ್ಬರಿಂದ):

ಮೇಡಂ, ಮಡಕಿ, ಅಲಸಂದಿ ತಿಂದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ನಾಲ್ಕೈದು ವರ್ಷಗಳಿಂದ ಬೆಳಿಗ್ಗೆ ಒಂದು ಗ್ಯಾಸಿನ ಮಾತ್ರೆ ನುಂಗುತ್ತೇನೆ. ಈಚೆಗೆ ಅಂಗಾಲು ಜುಮ್ಮೆನ್ನುತ್ತದೆ. ಇವಕ್ಕೆ ಸಂಬಂಧವಿದೆಯೇ?

ಉತ್ತರ:

ಗುರುಗಳೇ, ಉಬ್ಬರ ಮತ್ತು ಜುಮ್ಮು ಬೇರೆ ಬೇರೆ, ಆದರೆ ನಿಮ್ಮ ಮಾತ್ರೆಗೂ ಜುಮ್ಮಿಗೂ ಸಂಬಂಧವಿರಬಹುದು. ಕಾಳುಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಯಾವ ಮನುಷ್ಯನಲ್ಲಿಯೂ ಇಲ್ಲ. ಅವು ಹಾಗೆಯೇ ದೊಡ್ಡ ಕರುಳಿಗೆ ಬರುತ್ತವೆ, ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸುವಾಗ ವಾಯು ಹುಟ್ಟುತ್ತದೆ. ಕಾಳು ನೆನೆಸಿದ ನೀರನ್ನು ಚೆಲ್ಲಿ, ಮೊಳಕೆ ಬರಿಸಿ ಬೇಯಿಸಿದರೆ ಇದು ಕಡಿಮೆಯಾಗುತ್ತದೆ. ಓಮಿಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳು ತಡೆಯುವುದು ಜಠರದ ಆಮ್ಲವನ್ನು, ದೊಡ್ಡ ಕರುಳಿನ ಈ ವಾಯುವನ್ನಲ್ಲ.

ಆದರೆ ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಜೀವಸತ್ವವನ್ನು ಬಿಡಿಸುವುದಕ್ಕೆ ಆ ಆಮ್ಲವೇ ಬೇಕು. ಹಾಗೆ ಬಿಡಿಸಿದ ಬಿ12 ಜಠರದಲ್ಲಿಯೇ ತಯಾರಾಗುವ ಇನ್ನೊಂದು ಪ್ರೋಟೀನಿನೊಡನೆ ಸೇರಿ ಸಣ್ಣ ಕರುಳಿನ ತೀರ ಕೊನೆಯ ಭಾಗಕ್ಕೆ ಬಂದು ಅಲ್ಲಿ ರಕ್ತ ಸೇರುತ್ತದೆ. ವರ್ಷಗಟ್ಟಲೆ ಆಮ್ಲ ತಗ್ಗಿದರೆ ಬಿ12 ಕೊರತೆಯಾಗುವ ಸಾಧ್ಯತೆ ಹೆಚ್ಚುತ್ತದೆ, ಅದರಲ್ಲೂ ಹಾಲು ಮೊಸರು ಬಿಟ್ಟರೆ ಬಿ12 ಸಿಗುವ ಬೇರೆ ಆಹಾರವಿಲ್ಲದ ಶಾಕಾಹಾರಿಗಳಲ್ಲಿ. ಅಂಗಾಲಿನ ಜುಮ್ಮು ನರಗಳು ಕೊಡುವ ಸೂಚನೆ. ಮಧುಮೇಹದಿಂದಲೂ ಅದು ಬರುತ್ತದೆ, ಆದ್ದರಿಂದ ಈ ವಾರವೇ ಬಿ12 ಮತ್ತು ಸಕ್ಕರೆ ಎರಡನ್ನೂ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಯಾವ ಕಾರಣಕ್ಕೆ ಶುರುಮಾಡಿದ್ದರೆಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಪ್ರಶ್ನೆ (ಅಥಣಿಯ ಒಬ್ಬ ಯುವಕನಿಂದ):

ಕೆಂಪು ಖಾರ, ರಂಜಕ ತಿಂದರೆ ಜಠರದಲ್ಲಿ ಹುಣ್ಣಾಗುತ್ತದೆ ಎನ್ನುತ್ತಾರಲ್ಲ ಮೇಡಂ, ಊಟದ ನಡುವೆ ನೀರು ಕುಡಿದರೆ ರಸ ತೆಳುವಾಗುತ್ತದೆ ಎಂದೂ ಹೇಳುತ್ತಾರೆ. ಎಷ್ಟು ನಿಜ?

ಉತ್ತರ:

ಖಾರದ ಉರಿ ನರಗಳ ಅನುಭವ, ಅದರಿಂದಲೇ ಹುಣ್ಣು ಹುಟ್ಟುವುದಿಲ್ಲ. ಹುಣ್ಣಿಗೆ ಮುಖ್ಯ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆಗಳು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. ಅವರಿಗೂ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಈಗಾಗಲೇ ಹುಣ್ಣಿದ್ದವರಿಗೆ, ಎದೆಯುರಿ ಇರುವವರಿಗೆ ಖಾರ ತೊಂದರೆ ಹೆಚ್ಚಿಸಬಹುದು, ಅಂಥವರು ಕಡಿಮೆ ಮಾಡಬೇಕು. ನೀರಿನ ವಿಷಯದಲ್ಲಿ ಚಿಂತೆ ಬೇಡ. ನಾವು ಕುಡಿಯುವ, ಉಣ್ಣುವ ಸುಮಾರು 2 ಲೀಟರ್ ದ್ರವಕ್ಕೆ ಜೊಲ್ಲು, ಜಠರರಸ, ಪಿತ್ತ, ಕರುಳಿನ ರಸಗಳೆಂದು ದೇಹವೇ ದಿನಕ್ಕೆ ಇನ್ನೂ 7 ಲೀಟರಿನಷ್ಟು ಸೇರಿಸುತ್ತದೆ, ಬೇಕಾದಂತೆ ಆಮ್ಲವನ್ನೂ ಹೆಚ್ಚಿಸಿಕೊಳ್ಳುತ್ತದೆ. ಒಂದು ಲೋಟ ನೀರು ಆ ಲೆಕ್ಕವನ್ನು ಕೆಡಿಸುವುದಿಲ್ಲ, ರೊಟ್ಟಿ ಉಣ್ಣುವವರಿಗಂತೂ ಅದು ಬೇಕೇ ಬೇಕು.