58ರ ಶಿಷ್ಯನಿಗೆ ಯಾವ ಇಂಗ್ಲಿಷ್ ಕಥೆ ಓದಿಸಲಿ?

ಚಾಮರಾಜಪೇಟೆ ಮೇಷ್ಟ್ರು
ಭಾನುವಾರ ಬೆಳಿಗ್ಗೆ ಒಬ್ಬರಿಗೆ ಇಂಗ್ಲಿಷ್ ಹೇಳಿಕೊಡ್ತಿದ್ದೀನಿ. ವಯಸ್ಸು 58. ಸುಲ್ತಾನ್‌ಪೇಟೆ ಕಡೆ ಪ್ರೆಸ್ಸುಗಳಲ್ಲಿ ಅಚ್ಚುಮೊಳೆ ಜೋಡಿಸ್ತಿದ್ದವರು. ಇಂಗ್ಲಿಷ್ ಲಗ್ನಪತ್ರಿಕೆಯನ್ನ ಕನ್ನಡಿ ಅಕ್ಷರದಲ್ಲೂ ತಪ್ಪಿಲ್ಲದೆ ಓದ್ತಾರೆ. ಅರ್ಥ ಮಾತ್ರ ಆಗಲ್ಲ. ಮೊದಲು ಮಕ್ಕಳ ಚಿತ್ರಪುಸ್ತಕ ಕೊಟ್ಟೆ, ಮುಖ ಸಣ್ಣಗಾಯ್ತು. ಮಾಸ್ತಿಯನ್ನ ಅರೆದು ಕುಡಿದವರ ಮುಂದೆ ಆಮೆ-ಮೊಲ ಇಟ್ಟಿದ್ದು ನನ್ನದೇ ತಪ್ಪು. ಆಮೇಲೆ ಓ. ಹೆನ್ರಿಯ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ ಹಿಡಿದೆವು. ಪ್ರತಿ ಪದದ ತಲೆ ಮೇಲೂ ಪೆನ್ಸಿಲಲ್ಲಿ ಕನ್ನಡ ಬರೀತಾರೆ. ಒಂದು ಪುಟಕ್ಕೆ ಮೂರು ವಾರ! ಬೇರೆ ಯಾವುದು ಓದಿಸಲಿ?

ಜಯನಗರದ ಓದುಗ
ಹೆನ್ರಿ ಕಥೆ ಸಲೀಸು, ಭಾಷೆ ಕಬ್ಬಿಣದ ಕಡಲೆ. 1 ಡಾಲರ್ 87 ಸೆಂಟ್ ಅಂತ ಸರಾಗವಾಗಿ ಶುರುವಾಗಿ ಸ್ವಲ್ಪದರಲ್ಲೇ ‘ಮೆಂಡಿಕೆನ್ಸಿ’ ಬರುತ್ತೆ, ನನಗೇ ನಿಘಂಟು ಬೇಕಾಯ್ತು. ಆರ್.ಕೆ. ನಾರಾಯಣರ ‘ಆನ್ ಆಸ್ಟ್ರಾಲಜರ್ಸ್ ಡೇ’ ಕೊಡಿ. ಹುಣಸೆಮರದಡಿ ಕವಡೆ ಹರವಿಕೊಂಡ ಜ್ಯೋತಿಷಿ, ರೂಪಾಯಿ ಕೊಡ್ತೀನಂದವನು ಕೊಟ್ಟಿದ್ದು ಹನ್ನೆರಡೂವರೆ ಆಣೆ. ಪದ ಗೊತ್ತಿಲ್ಲದಿದ್ರೂ ಅವರಿಗೆ ದೃಶ್ಯ ಗೊತ್ತಿರುತ್ತೆ.

ಯಶವಂತಪುರ ಪ್ಯಾಸೆಂಜರ್
ಪೆನ್ಸಿಲ್ ಕಿತ್ಕೊಳ್ಳಿ. ನೀವು ಗಟ್ಟಿಯಾಗಿ ಓದಿ, ಅವರು ಕೇಳಲಿ.

ಮಲ್ಲೇಶ್ವರದ ಮೂರ್ನೇ ಬೆಂಚು
ನಾರಾಯಣ್ ಆದ್ಮೇಲೆ ಹೆಮಿಂಗ್ವೇಯ ‘ಕ್ಯಾಟ್ ಇನ್ ದ ರೇನ್’ ಪ್ರಯತ್ನಿಸಿ. 1925ರದ್ದು, ಕೆಲವೇ ಪುಟ, ಚಿಕ್ಕ ಚಿಕ್ಕ ವಾಕ್ಯ. ಇಟಲಿಯ ಹೋಟೆಲು, ಮಳೆ, ಹೊರಗೆ ಟೇಬಲ್ ಕೆಳಗೆ ಮುದುಡಿದ ಬೆಕ್ಕು, ಅದು ಬೇಕೂಂತ ಹಂಬಲಿಸೋ ಹೆಂಡತಿ, ಹಾಸಿಗೆಯಿಂದ ಏಳದೆ ಓದ್ತಾ ಬಿದ್ದಿರೋ ಗಂಡ. ನಮ್ಮವರಿಗೆ ‘ಎ’, ‘ದಿ’ ಕಾಟ ತಪ್ಪಿದ್ದಲ್ಲ, ಕನ್ನಡದಲ್ಲಿ ಅವೇ ಇಲ್ವಲ್ಲ. ವ್ಯಾಕರಣ ಹೇಳೋಕೆ ಹೋಗ್ಬೇಡಿ. ಕೊನೆಗೆ ಕೆಲಸದಾಕೆ ಬೆಕ್ಕು ತರ್ತಾಳೆ, ಅಲ್ಲಿ ನಿಂತು ಸುಮ್ಮನೆ ಕಾಯಿರಿ.

ಚಾಮರಾಜಪೇಟೆ ಮೇಷ್ಟ್ರು
ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಜ್ಯೋತಿಷಿ ಎರಡು ಭಾನುವಾರದಲ್ಲಿ ಮುಗೀತು. ಆಣೆ ಲೆಕ್ಕ ಅವರೇ ನನಗೆ ತಿದ್ದಿದ್ರು! ಪೆನ್ಸಿಲ್ ಕೊಡೋಕೆ ಮಾತ್ರ ಒಪ್ಪಲಿಲ್ಲ, ಕಿವಿ ಮೇಲೆ ಸಿಕ್ಕಿಸ್ಕೊಂಡ್ರು.

ನಿನ್ನೆ ಬೆಕ್ಕು ಮುಗೀತು. ಕೊನೇ ಪ್ಯಾರಾ ಎರಡು ಸಲ ಓದಿ, ‘ಎ ಬಿಗ್’ ಮೇಲೆ ಬೆರಳಿಟ್ರು. “ಇಲ್ಲಿ ‘ದಿ’ ಇರ್ಬೇಕಿತ್ತು ಸಾರ್, ಕಂಪೋಸಿಂಗ್ ತಪ್ಪು.” ತಪ್ಪಲ್ಲ, ಬರೆದಿರೋದೇ ಹಾಗೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಕಾಫಿ ತಣ್ಣಗಾಯ್ತು.

“ಹಂಗಾದ್ರೆ ಆಯಮ್ಮ ಕೇಳಿದ್ ಬೆಕ್ಕು ಇನ್ನೂ ಮಳೇಲೇ ಇದೆ” ಅಂದ್ರು.