ಕಾಫಿ ಬೇರಲ್ಲಿ ಕ್ರೋಮೋಸೋಮ್ ಎಣಿಸೋಕೆ ಆಗ್ತಿಲ್ಲ, ಬರೀ ಕೆಂಪು ಚುಕ್ಕೆ ಕಾಣುತ್ತೆ

ಸೋಮವಾರಪೇಟೆ ಬಿಎಸ್ಸಿ:
ಎಲ್ರಿಗೂ ನಮಸ್ಕಾರ. ಮನೇಲಿ ಮೂರು ಎಕ್ರೆ ತೋಟ ಇದೆ, ಅರೇಬಿಕಾ ರೋಬಸ್ಟಾ ಎರಡೂ. ಅರೇಬಿಕಾಗೆ ಒಂದೊಂದು ಸೆಲ್ಲಲ್ಲೂ 44 ಕ್ರೋಮೋಸೋಮ್ (ವಂಶದ ಗುಣ ಹೊತ್ತಿರೋ ಎಳೆಗಳು), ರೋಬಸ್ಟಾಗೆ 22 ಅಂತ ಕ್ಲಾಸಲ್ಲಿ ಕೇಳಿದಾಗಿಂದ ನಮ್ ತೋಟದ ಗಿಡದ್ದನ್ನೇ ಕಣ್ಣಾರೆ ನೋಡ್ಬೇಕು ಅಂತ ಆಸೆ. ಪಾಕೆಟ್ ಗಿಡದಿಂದ ಬೇರು ತಗೊಂಡು ಅಸಿಟೋಕಾರ್ಮೈನ್ ಅನ್ನೋ ಕೆಂಪು ಬಣ್ಣ ಹಾಕಿ ಸ್ಲೈಡ್ ಮಾಡಿದೆ, ಮೈಕ್ರೋಸ್ಕೋಪಲ್ಲಿ 40ಎಕ್ಸ್‌ನಲ್ಲಿ ಬರೀ ಕೆಂಪು ಚುಕ್ಕೆ, 100ಎಕ್ಸ್‌ಗೆ ತಿರುಗಿಸಿದ್ರೆ ಮಡಿಕೇರಿ ಮಂಜಿನ ಥರ ಎಲ್ಲಾ ಮಬ್ಬು. ಕಾಲೇಜು ಮುಗಿದ್ಮೇಲೆ ಸಂಜೆ ಹೊತ್ತು ಮಾಡ್ತೀನಿ. ಎಲ್ಲಿ ತಪ್ತಿದೀನಿ?

ಬೇರು ತುದಿ:
ತಂಗಿ, ಮೊದ್ಲು ಕಾಫಿ ಬಿಡು, ಈರುಳ್ಳಿ ಹಿಡಿ. ಕಾಫಿ ಕ್ರೋಮೋಸೋಮ್ ತುಂಬಾ ಸಣ್ಣವು, ಒಂದೆರಡು ಮೈಕ್ರಾನ್ ಅಷ್ಟೇ, ಅದರ ಮೇಲೆ 44 ಒಟ್ಟಿಗೆ ಗುಂಪಾಗಿ ಕೂತಿರುತ್ತೆ. ಈರುಳ್ಳಿದು 16, ದಪ್ಪ ದಪ್ಪ, ಅದ್ರಲ್ಲಿ ಕೈ ಪಳಗಿಸ್ಕೋ. ಹಳೇ ಬೇರು ಕೆರೆದು ತಳ ಮಾತ್ರ ನೀರಿಗೆ ತಾಗೋ ಹಾಗೆ ಲೋಟದ ಮೇಲೆ ಇಡು, ಎರಡು ಮೂರು ದಿನಕ್ಕೆ ಬಿಳಿ ಬೇರು ಬರುತ್ತೆ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ತುದಿ ಕತ್ತರಿಸು, ಆ ಹೊತ್ತಲ್ಲಿ ಒಡೀತಿರೋ ಸೆಲ್ ಜಾಸ್ತಿ ಸಿಗುತ್ತೆ. ಆಲ್ಕೋಹಾಲ್ ಮೂರು ಪಾಲು ಅಸಿಟಿಕ್ ಆಸಿಡ್ ಒಂದು ಪಾಲು, ಇದ್ರಲ್ಲಿ ಒಂದು ದಿನ ಹಾಕಿಟ್ರೆ ಸೆಲ್ ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತೆ, ಇದಕ್ಕೇ ಫಿಕ್ಸ್ ಮಾಡೋದು ಅನ್ನೋದು. ನೀನು ಇದನ್ನ ಬಿಟ್ಟಿದೀಯ ಅನ್ಸುತ್ತೆ. ಆಮೇಲೆ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್, ಅಂದ್ರೆ 1ಎನ್ ಎಚ್‌ಸಿಎಲ್‌ನಲ್ಲಿ 60 ಡಿಗ್ರಿಗೆ ಐದರಿಂದ ಹತ್ತು ನಿಮಿಷ, ಸೆಲ್‌ಗಳನ್ನ ಅಂಟಿಸಿರೋ ಪೆಕ್ಟಿನ್ ಸಡಿಲ ಆಗೋಕೆ, ಇಲ್ಲಾಂದ್ರೆ ಎಷ್ಟು ಒತ್ತಿದ್ರೂ ಒಂದೇ ಪದರಕ್ಕೆ ಹರಡಲ್ಲ. ನೀರಲ್ಲಿ ತೊಳೆದು ಬಣ್ಣ ಹಾಕು. ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಸಾಕು, ಮೇಲಿನ ಭಾಗದ ಸೆಲ್ ಒಡೆಯಲ್ಲ. ಕವರ್‌ಸ್ಲಿಪ್ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಲ್ಲಿ ನೇರವಾಗಿ ಒತ್ತು, ಪಕ್ಕಕ್ಕೆ ಜಾರಿದ್ರೆ ಸೆಲ್ ಎಲ್ಲಾ ಸುರುಳಿ ಸುತ್ಕೊಳ್ಳುತ್ತೆ.

ಲೆನ್ಸ್ ಕಾಯೋನು:
100ಎಕ್ಸ್ ಮಬ್ಬಿಗೆ ನಾನು ಹೇಳ್ತೀನಿ. ಇಮರ್ಷನ್ ಆಯಿಲ್ ಹಾಕಿದ್ರಾ? ಆ ಲೆನ್ಸಿಗೂ ಸ್ಲೈಡಿಗೂ ನಡುವೆ ಗಾಳಿ ಇದ್ರೆ ಬೆಳಕು ಬಾಗಿ ಹೊರಗೆ ಹೋಗ್ಬಿಡುತ್ತೆ, ಒಂದು ಹನಿ ಆಯಿಲ್ ಬೇಕೇ ಬೇಕು, ಸ್ಲೈಡ್ ಕೆಳಗೆ ಬೆಳಕು ಕೂಡಿಸೋ ಕಂಡೆನ್ಸರನ್ನ ಮೇಲೆತ್ತಿ. ಆಗ್ಲೂ 0.2 ಮೈಕ್ರಾನ್‌ಗಿಂತ ಹತ್ರ ಇರೋ ಎರಡು ಚುಕ್ಕೆ ಬೇರೆಬೇರೆ ಕಾಣಲ್ಲ, ಅದು ಬೆಳಕಿನದ್ದೇ ಮಿತಿ, ಲೆನ್ಸ್ ದೋಷ ಅಲ್ಲ. ಆಮೇಲೆ ಟಾರ್ಚ್ ಹಿಡಿದು ಲೆನ್ಸ್ ನೋಡಿ, ಬಿಳಿ ಜೇಡರಬಲೆ ಥರ ಇದ್ರೆ ಅದು ಫಂಗಸ್. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ವರೆಗೆ ಗೋಡೆಗೇ ಪಾಚಿ ಬರುತ್ತೆ, ಲೆನ್ಸ್ ಬಿಡುತ್ತಾ. ನಾನು ಕೆಲ್ಸ ಮಾಡಿದ ಒಂದು ಲ್ಯಾಬಲ್ಲಿ ಒಂದೇ ಮಳೆಗಾಲಕ್ಕೆ ನಾಲ್ಕು ಲೆನ್ಸ್ ಹಾಳಾದ್ವು, ಇವತ್ತಿಗೂ ಬೇಜಾರು. ಬೀರು ಒಳಗೆ 40 ವಾಟ್ ಬಲ್ಬ್ ಉರಿಸಿಡಿ, ಜೊತೆಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿ ಆದ್ರೆ ಬಿಸಿ ಮಾಡಿ ಒಣಗಿಸಿದ್ರೆ ಮತ್ತೆ ಕೆಲ್ಸಕ್ಕೆ ಬರುತ್ತೆ.

ವಿರಾಜಪೇಟೆ ಅಕ್ಕ:
ಕಾಫಿಗೆ ಬಂದಾಗ ಒಂದು ಹೆಜ್ಜೆ ಜಾಸ್ತಿ ಬೇಕು. ಫಿಕ್ಸ್ ಮಾಡೋ ಮೊದ್ಲು 0.002 ಮೋಲಾರ್ ಹೈಡ್ರಾಕ್ಸಿಕ್ವಿನೋಲಿನ್‌ನಲ್ಲಿ ಮೂರ್ನಾಲ್ಕು ಗಂಟೆ ಇಟ್ರೆ ಸ್ಪಿಂಡಲ್ (ಕ್ರೋಮೋಸೋಮ್ ಎಳೆಯೋ ದಾರಗಳು) ಕಟ್ಟೋದು ನಿಂತು ಕ್ರೋಮೋಸೋಮ್ ಕುಗ್ಗಿ ಬಿಡಿಬಿಡಿಯಾಗಿ ನಿಲ್ಲುತ್ತೆ, ಎಣಿಸೋಕೆ ಸುಲಭ. ಕಾಲ್ಚಿಸಿನ್ ಕೂಡ ಇದೇ ಕೆಲ್ಸ ಮಾಡುತ್ತೆ. ಗೊತ್ತಾ, ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ತುದಿಗೆ ಇಡೋ ತೋಕ್ ಪೂ (ಅಗ್ನಿಶಿಖೆ ಹೂವು) ಇದ್ಯಲ್ಲ, ಆ ಗಿಡದಲ್ಲೇ ಕಾಲ್ಚಿಸಿನ್ ಇರೋದು! ಆದ್ರೆ ಗೆಡ್ಡೆ ಅರೆದು ಪ್ರಯೋಗ ಮಾಡೋಕೆ ಹೋಗ್ಬೇಡ ಪುಟ್ಟಿ, ಪ್ರಾಣ ತೆಗೆಯೋ ವಿಷ ಅದು. ಬಲಿತ ಬೇರೂ ಬೇಡ. ಡಿಸೆಂಬರಲ್ಲಿ ಬೀಜ ಹಾಕ್ತೀರಲ್ಲ, ಮೊಳಕೆ ಟೋಪಿ ಹಾಕೋ ಹೊತ್ತಿಗೆ, ಅಂದ್ರೆ ಬೀಜವನ್ನ ತಲೆ ಮೇಲೆ ಹೊತ್ತು ನಿಂತಾಗ, ಕಿತ್ಕೋ. ರೋಬಸ್ಟಾದಿಂದ ಶುರು ಮಾಡು, 22 ಎಣಿಸೋದು ಅರ್ಧ ಕೆಲ್ಸ. ಅರೇಬಿಕಾ 44 ಆಗಿದ್ದು ರೋಬಸ್ಟಾ ಮತ್ತೆ ಯೂಜೆನಿಯಾಯ್ಡಿಸ್ ಅನ್ನೋ ಇನ್ನೊಂದು ಕಾಫಿ ಜಾತಿ ಬೆರೆತು, ಎರಡರ 22 ಸೇರಿ ಅಷ್ಟು.

ಸೋಮವಾರಪೇಟೆ ಬಿಎಸ್ಸಿ:
ಅಕ್ಕ ಅಣ್ಣ ಎಲ್ರಿಗೂ ಥ್ಯಾಂಕ್ಸ್. ನಾನು ಫಿಕ್ಸೂ ಮಾಡಿರ್ಲಿಲ್ಲ, ಆಯಿಲೂ ಹಾಕಿರ್ಲಿಲ್ಲ. ಈರುಳ್ಳಿಲಿ ನಾಲ್ಕನೇ ಸ್ಲೈಡಿಗೆ ಸಿಕ್ತು! ಮೊಬೈಲಲ್ಲಿ ಫೋಟೋ ತೆಗೆದು ಮೂರು ಸಲ ಎಣಿಸಿದೆ, ಸರಿಯಾಗಿ 16. ಪಕ್ಕದ ಸೆಲ್‌ನಲ್ಲಿ ಎರಡು ಗುಂಪಾಗಿ ಆ ಕಡೆ ಈ ಕಡೆ ಎಳ್ಕೊಂಡು ಹೋಗ್ತಿರೋದೂ ಕಾಣ್ತು, ಕೈ ನಡುಗ್ತಿತ್ತು ನಂಗೆ. ಸ್ಲೈಡ್ ಒಣಗ್ಬಾರ್ದು ಅಂತ ಅಂಚಿಗೆ ನೈಲ್ ಪಾಲಿಶ್ ಹಚ್ಚಿಟ್ಟಿದೀನಿ, ನಾಳೆ ಅಪ್ಪನ್ನ ಕಾಲೇಜಿಗೆ ಕರ್ಕೊಂಡ್ ಹೋಗಿ ತೋರಿಸ್ತೀನಿ.